ಕೆರೆ ಏರಿಯ ಮೇಲೆ ಕೂತಿದ್ದ ಮಗಳಿಗೆ

ಪುಟ್ಟೀ,

ಭಾನುವಾರದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. "ನೀನ್ಯಾಕಮ್ಮ ಅವರಿಗೆ ಎದುರುತ್ತರ ಕೊಡೋಕೆ ಹೋದೆ, ಇಲ್ಲಿ ಅನುಭವಿಸಬೇಕಾದವಳು ನಾನಲ್ವಾ" ಅಂದು ಫೋನ್ ಇಟ್ಟುಬಿಟ್ಟೆ. ನಿನ್ನ ನಾದಿನಿ ತಾನಾಗಿಯೇ ನನಗೆ ಫೋನ್ ಮಾಡಿದ್ದು ಮಗಳೇ. "ಅತ್ತಿಗೆ ಅಪ್ಪ ಅಮ್ಮನ್ನ ಬಿಟ್ಟು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದೂವರೆ ಗಂಟೆ ಸುಮ್ನೆ ಕೂತಿದ್ರಂತೆ. ಕೇಳಿದ್ರೆ ಹೆಜ್ಜಾರ್ಲೆ ಹಕ್ಕಿ ನೋಡ್ತಿದ್ದೆ ಅಂದ್ರಂತೆ. ನೀವು ಸ್ವಲ್ಪ ಬುದ್ಧಿ ಹೇಳಿ" ಅಂದಳು. ಮನೆಯಲ್ಲಿ ಯಾರೂ ಇರಲಿಲ್ಲವಾ ಅಂತ ಕೇಳಿದೆ. "ಅಣ್ಣ ಇದ್ದ" ಅಂದಳು. ಹಾಗಾದರೆ ಬಿಟ್ಟು ಹೋದದ್ದು ಹೇಗಾಯಿತಮ್ಮ, ಹೆತ್ತ ಮಗನಿಗೆ ಒಪ್ಪಿಸಿ ಹೋಗಿದ್ದಾಳಲ್ಲ ಅಂದೆ. ನಾನು ಆಡಿದ್ದು ಇಷ್ಟೇ. ಅದರಿಂದ ಆ ಮನೆಯಲ್ಲಿ ನೀನು ಒಂದು ಮಾತು ಹೆಚ್ಚು ಕೇಳುವ ಹಾಗಾಗಿದ್ದರೆ ನನಗೆ ಬೇಜಾರಿದೆ. ಆದರೆ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.

ನಿನ್ನ ಕೆಲಸವನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೋದ ಸಲ ಬಂದಾಗ, ಮಾವನವರನ್ನು ಮಗ್ಗುಲು ಹೊರಳಿಸುವ ಮೊದಲು ನೀನು ಅಂಗೈ ಉಜ್ಜಿ ಬಿಸಿ ಮಾಡಿಕೊಂಡೆ, ಅವರ ಬೆನ್ನಿಗೆ ತಣ್ಣಗೆ ತಾಗಬಾರದು ಅಂತ. ಅದನ್ನು ನಿನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಪಾರ್ಶ್ವವಾಯು ಹೊಡೆದು ಇಷ್ಟು ಕಾಲ ಮಲಗಿದಲ್ಲೇ ಇರುವ ಮನುಷ್ಯನ ಮೈಮೇಲೆ ಒಂದು ಹುಣ್ಣಿಲ್ಲ. ಊರಿಗೆ ಬಂದ ಮೇಲೆ ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಹೇಳಿದೆ. ನಿನ್ನಪ್ಪನಿಗಂತೂ ಕೇಳಿ ಕೇಳಿ ಸಾಕಾಗಿದೆ.

ದೊಡ್ಡಮ್ಮನ ವಿಷಯ ನಿನಗೆ ಗೊತ್ತು. ಆದರೂ ಬರೆಯುತ್ತೇನೆ. ಆಗ ನೀನು ಹಾಸ್ಟೆಲಿನಲ್ಲಿದ್ದೆ, ವೈಕುಂಠ ಸಮಾರಾಧನೆಗೆ ಬಂದು ಹೋದೆ. ಮೊದಲಿನದೆಲ್ಲ ನೀನು ನೋಡಿದ್ದಲ್ಲ.

ಅಜ್ಜಿಗೆ ಮರೆವು ಶುರುವಾದ ಮೇಲೆ ಅವರನ್ನು ನೋಡಿಕೊಂಡಿದ್ದು ದೊಡ್ಡಮ್ಮ. ನಾನು ಶಾಲೆಗೆ ಹೋಗುವವಳು, ಬೆಳಗಿನ ತಿಂಡಿ, ರಾತ್ರಿಯ ಅಡುಗೆ ನನ್ನ ಪಾಲು. ಇಡೀ ದಿನದಲ್ಲಿ ದೊಡ್ಡಮ್ಮನಿಗೆ ತನ್ನದು ಅಂತ ಇದ್ದದ್ದು ಬಚ್ಚಲ ಒಲೆಯ ಮುಂದಿನ ಹೊತ್ತು ಮಾತ್ರ. ಐದಕ್ಕೇ ಎದ್ದು, ಅಡಿಕೆ ಸಿಪ್ಪೆ ಒಟ್ಟಿ, ಹಂಡೆಗೆ ಬೆಂಕಿ ಹಾಕಿ, ಮಣೆ ಎಳೆದುಕೊಂಡು ಕೂರುತ್ತಿದ್ದರು. ಊದುಗೊಳವೆ ತೊಡೆಯ ಮೇಲಿರುತ್ತಿತ್ತು. ದೇವರ ನಾಮ ಇಲ್ಲ, ಹೂ ಕಟ್ಟುವುದಿಲ್ಲ, ಏನೂ ಇಲ್ಲ. ಒಮ್ಮೆ ನಾನು ಹೋಗಿ ಮಾತಾಡಿಸಿದ್ದಕ್ಕೆ "ಈಗ ಬೇಡ ಮಾರಾಯ್ತಿ" ಅಂದರು, ಸಿಟ್ಟಿಲ್ಲದೆ. ಆಮೇಲೆ ಮನೆಗೆ ಸೋಲಾರ್ ಬಂತು. ನಲ್ಲಿ ತಿರುಗಿಸಿದರೆ ಬಿಸಿನೀರು, ಎಲ್ಲರಿಗೂ ಖುಷಿ. ಒಲೆ ಕಿತ್ತು ಟೈಲ್ಸ್ ಹಾಕಿಸಿದರು. ದೊಡ್ಡಮ್ಮನಿಗೆ ಕೂರಲು ಇದ್ದ ಒಂದೇ ಜಾಗ ಹೋಯಿತು ಅನ್ನುವುದು ಮನೆಯಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ಅವರೂ ಬಾಯಿಬಿಡಲಿಲ್ಲ. ಅಲ್ಲಿಂದ ಮುಂದೆ ಹಾಸಿಗೆಯಿಂದ ಎದ್ದವರು ನೇರ ಅಜ್ಜಿಯ ಕೋಣೆಗೆ ಹೋಗುತ್ತಿದ್ದರು.

ಒಂದು ಶ್ರಾವಣದಲ್ಲಿ ಅಡುಗೆಮನೆಯಲ್ಲೇ ಕುಸಿದರು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಬಿಪಿ ವಿಪರೀತ ಏರಿ ಮಿದುಳಿನಲ್ಲಿ ರಕ್ತಸ್ರಾವ ಆಗಿದೆ ಅಂದರು ಡಾಕ್ಟರು. ಮನೆಗೆ ವಾಪಸ್ ಬರಲಿಲ್ಲ. ಸೂತಕ ಕಳೆದು ನಾಗಂದಿಗೆ ಒರೆಸುವಾಗ ಹುಣಸೆಹಣ್ಣಿನ ಭರಣಿಯ ಹಿಂದೆ ಅವರ ಬಿಪಿ ಮಾತ್ರೆ ಸಿಕ್ಕಿತು. ಸ್ಟ್ರಿಪ್‌ಗಳು ಹಾಗೇ ಇದ್ದವು, ಒಂದರಲ್ಲಿ ಮಾತ್ರ ಎರಡು ಮಾತ್ರೆ ತೆಗೆದಿತ್ತು. ಅದೇ ನಾಗಂದಿಗೆಯ ಮುಂದಿನ ಸಾಲಿನಲ್ಲಿ ಅಜ್ಜಿಯ ಮಾತ್ರೆಗಳು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಚೀಟಿ ಅಂಟಿಸಿದ ಮೂರು ಡಬ್ಬಿಗಳಲ್ಲಿ. ಅಜ್ಜಿ ಆಮೇಲೂ ಎರಡು ವರ್ಷ ಇದ್ದರು. ಸಂಜೆಯಾದರೆ "ದೊಡ್ಡವಳೆಲ್ಲಿ, ಕಾಫಿ ಕೊಡ್ಲಿಲ್ಲ" ಅಂತ ಕೇಳೋರು. ತೋಟಕ್ಕೆ ಹೋಗಿದ್ದಾರೆ ಅನ್ನುತ್ತಿದ್ದೆ.

ನೀನು ಹೆದರಲಿ ಅಂತಲೇ ಇಷ್ಟು ಬರೆದೆ. ನಿಮ್ಮ ಮನೆಯ ಫ್ರಿಜ್ಜಿನ ಮೇಲೆ ಅತ್ತೆ ಮಾವನ ಮಾತ್ರೆಗಳನ್ನು ಎಷ್ಟು ಅಚ್ಚುಕಟ್ಟಾಗಿ ಇಟ್ಟಿದ್ದೀಯ! ನಿನ್ನ ಥೈರಾಯ್ಡ್ ಮಾತ್ರೆ ಎಲ್ಲಿ ಅಂದರೆ "ಇಲ್ಲೇ ಎಲ್ಲೋ ಇದೆ" ಅಂದೆ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಆ ನಾಗಂದಿಗೆಯೇ ಕಣ್ಣ ಮುಂದೆ. ನೀನು ಪಕ್ಕದ ಕೋಣೆಯಲ್ಲಿ ಅತ್ತೆಗೆ "ನಾಳೆ ಊರಿಗೆ ಹೋಗೋಣ, ಈಗ ಮಲಗಿ" ಅನ್ನುತ್ತಿದ್ದದ್ದು ಕೇಳುತ್ತಿತ್ತು.

ಉಪದೇಶ ಬೇಡ ಅಂದುಕೊಂಡೇ ಶುರುಮಾಡಿದೆ, ಆದರೂ ಕೇಳು. ನಿನ್ನ ಅತ್ತೆಯಂಥ ಮರೆವಿನವರಿಗೆ ಸಂಜೆಯಾಗುತ್ತಿದ್ದ ಹಾಗೆ ತಳಮಳ ಹೆಚ್ಚುತ್ತದೆ. ಕತ್ತಲಾಗುವ ಮೊದಲೇ ದೀಪ ಹಾಕು, "ಇದೇ ನಿಮ್ಮ ಮನೆ" ಅಂತ ವಾದಕ್ಕೆ ಹೋಗಬೇಡ. ಅಳಿಯಂದಿರು ಮನೆಯಲ್ಲಿಲ್ಲದ ದಿನ ಆ ಹೊತ್ತಿನಲ್ಲಿ ನಿನಗೆ ಬಿಡುವು ಸಿಗುವುದು ಸುಳ್ಳು. ಮಧ್ಯಾಹ್ನ ಇಬ್ಬರೂ ಮಲಗುವ ಹೊತ್ತು ನಿನ್ನದಾಗಲಿ. ಈಗ ಆ ಹೊತ್ತಿನಲ್ಲಿ ನೀನು ಹಾಸಿಗೆ ಬಟ್ಟೆ ಹಿಂಡುತ್ತೀಯ. ಬಟ್ಟೆ ಸಂಜೆಗೆ ಬಿಡು, ನೆಂದರೆ ಏನೂ ಆಗುವುದಿಲ್ಲ. ಬಾಲ್ಕನಿ ಬಾಗಿಲು ಹಾಕಿಕೊಂಡು ಕೂರು. ಮೊಬೈಲು ಒಳಗಿರಲಿ, ಅದನ್ನು ನೋಡುತ್ತಾ ಕೂತರೆ ಕೂತ ಹಾಗಲ್ಲ.

ರಾತ್ರಿಯದು ಇನ್ನೊಂದು. ಏರ್‌ಬೆಡ್ ಇದ್ದರೂ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಲೇಬೇಕು, ಸರಿ. ಆದರೆ ಎಲ್ಲ ಸಲವೂ ನೀನೇ ಏಕೆ ಏಳಬೇಕು? ಎರಡು ಗಂಟೆಯ ತನಕ ಒಬ್ಬರು, ಆಮೇಲೆ ಇನ್ನೊಬ್ಬರು. ಅಳಿಯಂದಿರು ಒಳ್ಳೆಯವರು, ಹೇಳಿದರೆ ಮಾಡುತ್ತಾರೆ. ಹೇಳದೆಯೇ ತಿಳಿಯಲಿ ಅಂತ ನೀನು ಕಾಯುತ್ತಿದ್ದೀಯ. ದೊಡ್ಡಮ್ಮನೂ ಕಾದರು.

ನಾದಿನಿಯ ಮಾತಿಗೆ ಬರುತ್ತೇನೆ. ತಂದೆ ತಾಯಿಯ ಪಾಲನೆಗೆ 2007ರಲ್ಲಿ ಕಾನೂನು ಬಂದಿದೆಯಲ್ಲ, ಅದರಲ್ಲಿ ಮಕ್ಕಳು ಅಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಆ ಪಟ್ಟಿಯಲ್ಲಿ ಸೊಸೆ ಇಲ್ಲ. ಸೊಸೆ, ಅಳಿಯರನ್ನೂ ಸೇರಿಸಬೇಕು ಅಂತ 2019ರಲ್ಲಿ ಮಸೂದೆ ಬಂದಿತ್ತು, ಅದು ಕಾಯ್ದೆಯಾಗಲಿಲ್ಲ. ಜಗಳಕ್ಕೆ ಹೋಗು ಅಂತ ಇದನ್ನು ಹೇಳುತ್ತಿಲ್ಲ. ಪ್ರೀತಿಯಿಂದ ಮಾಡುವವಳು ನೀನು, ಮುಂದೆಯೂ ಮಾಡುತ್ತೀಯ. ಆದರೆ ತಿಂಗಳಿಗೊಂದು ಶನಿವಾರ ಭಾನುವಾರ ಬಂದು ಅಪ್ಪ ಅಮ್ಮನ ಹತ್ತಿರ ಇರು ಅಂತ ಅವಳನ್ನು ಕೇಳುವುದಕ್ಕೆ ನೀನು ಸಂಕೋಚ ಪಡಬೇಕಾಗಿಲ್ಲ. ಉಪಕಾರ ಕೇಳಿದ ಹಾಗೆ ಕೇಳಬೇಡ.

ನನ್ನ ಹತ್ತಿರವೂ ಆಡಲಾಗದ್ದು ಇರುತ್ತದೆ. ರಾತ್ರಿ ಎದೆ ಭಾರವಾಗಿ ಅಳು ಬಂದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ ಸರ್ಕಾರದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹುಚ್ಚು ಹಿಡಿದವರು ಮಾಡುವ ಫೋನ್ ಅಂದುಕೊಳ್ಳಬೇಡ.

ಕೊನೆಗೊಂದು. ಮುಂದಿನ ವಾರ ತಾಳಗುಪ್ಪದ ರೈಲಿಗೆ ನಾನು ಬರುತ್ತಿದ್ದೇನೆ. ನಿನ್ನಪ್ಪನಿಗೆ ಅನ್ನ ಸಾರು ಮಾಡಿಕೊಳ್ಳಲು ಬರುತ್ತದೆ. ಹತ್ತು ದಿನ ಇರುತ್ತೇನೆ. ಬೀಗಿತ್ತಿಯವರಿಗೆ ನನ್ನ ಹೆಸರು ಮರೆತಿದ್ದರೂ ನನ್ನ ಕೈಯಿಂದ ಊಟ ಮಾಡುತ್ತಾರೆ, ಹೋದ ಸಲ ಮಾಡಿದ್ದರು. ನೀನು ದಿನಾ ಕೆರೆಗೆ ಹೋಗು. ಯಾರಾದರೂ ಕೇಳಿದರೆ ಅಮ್ಮ ಕಳಿಸಿದಳು ಅನ್ನು.

ನಾನು ಬರುವುದರೊಳಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಿ ಥೈರಾಯ್ಡಿಗೆ ರಕ್ತ ಕೊಟ್ಟು ಬಾ, ಬಿಪಿಯೂ ನೋಡಿಸು. ಚೆನ್ನಾಗಿದೆ ಅಂತ ಬಾಯಲ್ಲಿ ಹೇಳಿದರೆ ಒಪ್ಪುವುದಿಲ್ಲ, ರಿಪೋರ್ಟಿನ ಫೋಟೋ ಕಳಿಸು.

ನಿನ್ನ
ಅಮ್ಮ