ವೈಫೈಗೆ ರಿಪೀಟರ್ ಬೇಡ, ಕೇಬಲ್ ಎಳೆದು ಕೊಡಿ

ಮಾನ್ಯ ಸಂಪಾದಕರೇ,

ಕೊಪ್ಪಳದ ಹಳೆಯ ಓಣಿಗಳಲ್ಲಿ ಕಲ್ಲು-ಮಣ್ಣಿನ ದಪ್ಪ ಗೋಡೆಗಳ ಮನೆಗಳು ಇಂದಿಗೂ ಸಾಕಷ್ಟಿವೆ. ಫೈಬರ್ ಸಂಪರ್ಕ ಕೊಡಲು ಬರುವವರು ರೂಟರನ್ನು ಪಡಸಾಲೆಯ ಬಾಗಿಲ ಪಕ್ಕದಲ್ಲೇ ಅಳವಡಿಸಿ ಹೋಗುತ್ತಾರೆ. ಎರಡು ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಕ್ಷೀಣಿಸಿ, ಒಳಕೋಣೆಯಲ್ಲಿ ಓದುವ ಮಕ್ಕಳ ಆನ್‌ಲೈನ್ ಪಾಠ ಅರ್ಧಕ್ಕೇ ನಿಲ್ಲುತ್ತದೆ. ದೂರು ಕೊಟ್ಟರೆ ‘ರಿಪೀಟರ್ (ವೈಫೈ ಸಿಗ್ನಲನ್ನು ಹಿಡಿದು ಮುಂದಕ್ಕೆ ದಾಟಿಸುವ ಉಪಕರಣ) ಹಾಕಿಸಿ’ ಎನ್ನುತ್ತಾರೆ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ.

ಅಗ್ಗದ ರಿಪೀಟರ್ ಒಂದೇ ಚಾನೆಲ್‌ನಲ್ಲಿ ರೂಟರಿನಿಂದ ಮಾಹಿತಿ ಪಡೆದು, ಅದರಲ್ಲೇ ಮತ್ತೆ ಕಳುಹಿಸುವುದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸಿಗ್ನಲ್ ಬಾರದ ಕೋಣೆಯಲ್ಲೇ ಅದನ್ನಿಟ್ಟರಂತೂ ಮುಂದೆ ಕಳುಹಿಸಲು ಅದಕ್ಕೇ ಏನೂ ದಕ್ಕಿರುವುದಿಲ್ಲ. ಬದಲಿಗೆ ರೂಟರಿನಿಂದ ಒಳಕೋಣೆಗೆ ಲ್ಯಾನ್ ಕೇಬಲ್ ಎಳೆದು, ಅಲ್ಲೊಂದು ಆಕ್ಸೆಸ್ ಪಾಯಿಂಟ್ (ಕೇಬಲಿನಲ್ಲಿ ಬಂದ ಸಂಪರ್ಕವನ್ನು ವೈಫೈ ಆಗಿ ಹರಡುವ ಉಪಕರಣ) ಅಳವಡಿಸಬೇಕು. 100 ಮೀಟರ್‌ವರೆಗೆ ಈ ಕೇಬಲ್ ನಿರಾತಂಕವಾಗಿ ಕೆಲಸ ಮಾಡುತ್ತದೆ. ಮನೆಯಲ್ಲಿ ಮೂಲೆ ಸೇರಿರುವ ಹಳೆಯ ರೂಟರ್ ಇದ್ದು, ಅದರಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಹೊಸದನ್ನು ಕೊಳ್ಳುವ ಅಗತ್ಯವೂ ಇಲ್ಲ.

ರೂಟರ್ ಮತ್ತು ಆಕ್ಸೆಸ್ ಪಾಯಿಂಟ್ ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಬಗೆಯ ಭದ್ರತೆ ಇರಬೇಕು. ಒಂದರ ಸಿಗ್ನಲ್ ಇನ್ನೊಂದಕ್ಕೆ ಅಡ್ಡಬಾರದಂತೆ, 2.4 ಗಿಗಾಹರ್ಟ್ಸ್ ವೈಫೈ ಬ್ಯಾಂಡ್‌ನಲ್ಲಿ ಒಂದಕ್ಕೆ 1ನೇ ಚಾನೆಲ್ ಕೊಟ್ಟರೆ ಇನ್ನೊಂದಕ್ಕೆ 6 ಅಥವಾ 11 ಕೊಡಬೇಕು. ಇಷ್ಟಾದರೂ ಪಡಸಾಲೆಯಿಂದ ಒಳಗೆ ಬಂದ ಮೊಬೈಲ್ ಹಳೆಯ ಸಂಪರ್ಕವನ್ನೇ ಹಿಡಿದುಕೊಂಡಿರುತ್ತದೆ ಎಂದು ಹಲವರು ಹೇಳುವುದುಂಟು. ಯಾವಾಗ ಬದಲಾಗಬೇಕೆಂದು ತೀರ್ಮಾನಿಸುವುದು ಬಹುಮಟ್ಟಿಗೆ ಮೊಬೈಲೇ ಹೊರತು ರೂಟರ್ ಅಲ್ಲ. ಹಾಗಾಗಿ ಪಡಸಾಲೆಯ ರೂಟರಿನ ಪವರ್ ಹೆಚ್ಚಿಸುವುದು ತಪ್ಪು ದಾರಿ: ಅದರ ಸಿಗ್ನಲ್ ಮೊಬೈಲಿಗೆ ದೂರದವರೆಗೂ ಕಾಣುತ್ತದೆ, ಆದರೆ ಮೊಬೈಲಿನ ದುರ್ಬಲ ಉತ್ತರ ಅದಕ್ಕೆ ತಲುಪುವುದಿಲ್ಲ. ಪವರನ್ನು ತುಸು ಇಳಿಸಿದರೆ ಮೊಬೈಲ್ ತಾನಾಗಿಯೇ ಹತ್ತಿರದ ಆಕ್ಸೆಸ್ ಪಾಯಿಂಟ್ ಹುಡುಕುತ್ತದೆ. ಹತ್ತಿರದ ಆಕ್ಸೆಸ್ ಪಾಯಿಂಟ್‌ಗಳ ಸುಳಿವನ್ನು ಮೊಬೈಲಿಗೆ ಕೊಡುವ 802.11ಕೆ ಮತ್ತು 802.11ವಿ ಎಂಬ ವೈಫೈ ಸೌಲಭ್ಯಗಳು ಈ ಉಪಕರಣಗಳು ಹಾಗೂ ಮೊಬೈಲ್ ಎರಡರಲ್ಲೂ ಇದ್ದರೆ ಈ ಹುಡುಕಾಟ ಇನ್ನಷ್ಟು ಸುಲಭ.

ಸಂಪರ್ಕ ಕೊಡುವ ಕಂಪನಿಗಳು ಮನೆಯನ್ನೊಮ್ಮೆ ಒಳಹೊಕ್ಕು ನೋಡಿ, ಕೇಬಲ್ ಎಳೆಯುವ ಸೇವೆಯನ್ನೂ ನಿಗದಿತ ದರದಲ್ಲಿ ಒದಗಿಸಬೇಕೆಂದು ವಿನಂತಿಸುತ್ತೇನೆ. ಭಾಗ್ಯನಗರದ ಕಡೆ ಹೊಸ ಮನೆ ಕಟ್ಟಿಸುತ್ತಿರುವವರು ಸ್ಲ್ಯಾಬ್ ಹಾಕುವ ಮುನ್ನವೇ ಎಲೆಕ್ಟ್ರಿಷಿಯನ್‌ಗೆ ಹೇಳಿ, ಕರೆಂಟಿನ ಪೈಪಿನಿಂದ ಬೇರೆಯಾಗಿ ಪ್ರತಿ ಮಹಡಿಗೂ ಲ್ಯಾನ್ ಕೇಬಲಿಗೊಂದು ಖಾಲಿ ಪೈಪ್ ಬಿಡಿಸಿಕೊಳ್ಳಲಿ.

– ಓದುಗ, ಕೊಪ್ಪಳ