ಸಚಿವರೇ, ಹೊಟೇಲಿನ ಬಾತ್‌ರೂಮ್ ಬಾಗಿಲಿಗೆ ಒಮ್ಮೆ ಟೇಪು ಹಿಡಿಸಿ
ಗೋವಾದ ಪ್ರವಾಸೋದ್ಯಮ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ಕೊಂಕಣಿಯ ಅರ್ಜಿಗೂ ಇಂಗ್ಲಿಷಿನ ಅರ್ಜಿಗೂ ಒಂದೇ ಬಗೆಯ ಹಾರಿಕೆಯ ಉತ್ತರ ಬಂದದ್ದರಿಂದ ಈ ಸಲ ಕನ್ನಡದಲ್ಲೇ ಬರೆಯುತ್ತಿದ್ದೇವೆ. ಯಾವ ಕಚೇರಿಯಿಂದ ಬಂತು ಎಂದು ಹೇಳಿ ಯಾರ ಹೊಟ್ಟೆಯ ಮೇಲೂ ಹೊಡೆಯುವುದಿಲ್ಲ. ತಮಗೆ ಓದಿ ಹೇಳುವವರು ಸಿಕ್ಕಾರು. ವಾಸ್ಕೋದಿಂದ ಮಾಪುಸಾದವರೆಗೆ ಕನ್ನಡ ಬಲ್ಲವರಿಗೇನೂ ಬರವಿಲ್ಲ. ಸಿಗದಿದ್ದರೆ, ರಜೆಗೆ ಗೋವಾ ಎಂದು ಹೊರಟಿರುವ ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಜನರಾದರೂ ಓದಿಕೊಳ್ಳಲಿ.

ನಾವು ಗೋವಾದಲ್ಲೇ ನೆಲೆಸಿರುವ ಕೆಲವು ಕನ್ನಡಿಗರು. ಊರ ಕಡೆಯಿಂದ ವೀಲ್‌ಚೇರಿನಲ್ಲಿ ಬರುವವರಿಗೆ ಮುಂಚೆಯೇ ಹೊಟೇಲು ನೋಡಿ, ಅಳತೆ ತೆಗೆದು, ಆಗುತ್ತದೋ ಇಲ್ಲವೋ ಹೇಳುವ ಕೆಲಸ ಮಾಡುತ್ತೇವೆ. ನಮ್ಮ ಬೇಡಿಕೆ ಒಂದೇ. ಹೊಟೇಲು ನೋಂದಣಿಗೆ ತಪಾಸಣೆಗೆ ಹೋಗುವವರ ಕೈಗೆ ಒಂದು ಅಳತೆ ಟೇಪು ಕೊಡಿ. ಅವರು ಅಳೆದದ್ದನ್ನು ಸೆಂಟಿಮೀಟರಿನಲ್ಲಿ ಬರೆಸಿ, ಎಲ್ಲರಿಗೂ ಕಾಣುವಂತೆ ಹಾಕಿ. ಅಳತೆ ಕೊಡದ ಹೊಟೇಲು ‘ವೀಲ್‌ಚೇರ್ ಫ್ರೆಂಡ್ಲಿ’ ಎಂದು ಹೇಳಿಕೊಳ್ಳುವುದನ್ನು ನಿಲ್ಲಿಸಿ.

ಕಾನೂನನ್ನು ತಮಗೆ ನಾವು ಹೇಳಿಕೊಡಬೇಕಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ‘ಸಾರ್ವಜನಿಕ ಕಟ್ಟಡ’ ಎಂದರೆ ಸರ್ಕಾರದ್ದು ಮಾತ್ರವಲ್ಲ, ಜನ ಬಂದು ಹೋಗುವ ಖಾಸಗಿ ಕಟ್ಟಡವೂ ಸೇರುತ್ತದೆ ಎಂಬುದು ತಮಗೆ ಗೊತ್ತು. 44ನೇ ಕಲಮಿನಂತೆ ನಿಯಮ ಪಾಲಿಸದ ಕಟ್ಟಡಕ್ಕೆ ಪರವಾನಗಿ ಕೊಡಬಾರದು, ವಾಸಕ್ಕೆ ಬಿಡಬಾರದು. 45ನೇ ಕಲಮಿನಂತೆ ಹಳೆಯ ಕಟ್ಟಡಗಳಿಗಿದ್ದ ಐದು ವರ್ಷದ ಗಡುವು, 2017ರ ಜೂನಿನಲ್ಲಿ ನಿಯಮ ಬಂದಲ್ಲಿಂದ ಎಣಿಸಿದರೆ, 2022ಕ್ಕೇ ಮುಗಿದಿದೆ. ಆ ನಿಯಮಗಳು ಬರೀ ಸಲಹೆಯ ಧಾಟಿಯಲ್ಲಿವೆ, ಕಡ್ಡಾಯ ಮಾಡಿ ಎಂದು ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ಕೇಂದ್ರಕ್ಕೆ ಹೇಳಿದ್ದೂ ಗೊತ್ತು. ದಿಲ್ಲಿಯವರು ದಿಲ್ಲಿಯ ಕೆಲಸ ಮಾಡಿಕೊಳ್ಳಲಿ. ಟೇಪು ಹಿಡಿಯಲು ದಿಲ್ಲಿಯ ಅಪ್ಪಣೆ ಬೇಕೆ? ತಮ್ಮ ಕೈಯಲ್ಲೇ 1982ರ ಪ್ರವಾಸಿ ವ್ಯಾಪಾರ ನೋಂದಣಿ ಕಾಯ್ದೆ ಇದೆ. ಅದರಡಿ ಹೆಸರು ಬರೆಸದೆ ಇಲ್ಲಿ ಯಾರೂ ಹೊಟೇಲು ನಡೆಸುವ ಹಾಗಿಲ್ಲ.

ಒಂದು ಪ್ರಸಂಗ ಹೇಳಲೇಬೇಕು. ಉತ್ತರ ಗೋವಾದ ಕಡಲಂಚಿನ ಹೊಟೇಲು. ಹೆಸರು ಬೇಡ, ಹೇಳಿದರೆ ಅದೊಂದೇ ಕೆಟ್ಟದ್ದು, ಉಳಿದವೆಲ್ಲ ಸರಿಯಾಗಿವೆ ಎಂದುಕೊಂಡೀರಿ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶವಿಲ್ಲದ ನಮ್ಮ ಕಡೆಯ ಹಿರಿಯರೊಬ್ಬರು ಮಗಳ ಜೊತೆ ಬಂದಿದ್ದರು. ಬುಕಿಂಗ್ ಜಾಲತಾಣದಲ್ಲಿ ವೀಲ್‌ಚೇರಿನ ಗುರುತು ಇತ್ತು. ಫೋನಿನಲ್ಲಿ ‘ಫುಲ್ ವೀಲ್‌ಚೇರ್ ಫ್ರೆಂಡ್ಲಿ ಸರ್, ಲಿಫ್ಟ್ ಇದೆ’ ಎಂದಿದ್ದರಂತೆ. ಲಿಫ್ಟು ಇತ್ತು. ಲಿಫ್ಟಿಗೆ ಹೋಗಲು ನಾಲ್ಕು ಮೆಟ್ಟಿಲೂ ಇದ್ದವು. ನಾಲ್ವರು ಹುಡುಗರು ಬಂದು ಕುರ್ಚಿಯ ಕೈಗಳನ್ನು ಹಿಡಿದು ಎತ್ತಿದರು. ಆ ಕೈಗಳು ಕಳಚಿ ತೆಗೆಯುವಂಥವು. ಎತ್ತುವಾಗ ಹಿಡಿಯಬೇಕಾದ್ದು ಸೀಟಿನ ಕೆಳಗಿನ ಚೌಕಟ್ಟನ್ನು. ಒಂದು ಬದಿಯದು ಕಳಚಿ ಹುಡುಗನ ಕೈಗೇ ಬಂತು. ಮಗಳು ಹಿಂದೆ ನಿಂತು ಹಿಡಿದಿದ್ದರಿಂದ ಹಿರಿಯರು ಬೀಳಲಿಲ್ಲ.

ರೂಮಿನೊಳಗೆ ಹೋದರೆ ಬಾತ್‌ರೂಮ್ ಬಾಗಿಲು 58 ಸೆಂಟಿಮೀಟರ್, ಕುರ್ಚಿ 65. ಮ್ಯಾನೇಜರು ಬಂದು ನೋಡಿ, ಬಾಗಿಲು ಕಳಚಿಸಿ ಪರದೆ ಕಟ್ಟಿಸುತ್ತೇನೆ ಎಂದರು. ಬಾಗಿಲು ಕಳಚಿದರೆ ಚೌಕಟ್ಟು ಅಗಲವಾಗುತ್ತದೆಯೇ? ಸಿಕ್ಕಿದ್ದು 3 ಸೆಂಟಿಮೀಟರ್. ಆಮೇಲೆ ಈಜುಕೊಳದ ಬಳಿ ಬಿದ್ದಿದ್ದ ಪ್ಲಾಸ್ಟಿಕ್ ಕುರ್ಚಿ ತರಿಸಿ, ಅದರಲ್ಲಿ ಕೂರಿಸಿದರೆ ಇಬ್ಬರು ರೂಮ್‌ಬಾಯ್‌ಗಳು ಒಳಗೆ ಒಯ್ಯುತ್ತಾರೆ ಎಂದರು. ಒದ್ದೆ ಟೈಲ್ಸ್ ಮೇಲೆ ಪ್ಲಾಸ್ಟಿಕ್ ಕುರ್ಚಿಯ ಕಾಲುಗಳು ಹೊರಕ್ಕೆ ಸರಿದು ಕುರ್ಚಿ ಕುಸಿಯುತ್ತದೆ. ಸ್ಪರ್ಶವಿಲ್ಲದ ಚರ್ಮ ಅದರ ಅಂಚಿಗೆ ತರಚಿದರೆ ಕುಳಿತವರಿಗೆ ತಿಳಿಯುವುದೂ ಇಲ್ಲ. ಅಷ್ಟರಿಂದಲೇ ಒತ್ತಡದ ಹುಣ್ಣಾಗಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದವರಿದ್ದಾರೆ. ಇದನ್ನೆಲ್ಲ ಮ್ಯಾನೇಜರಿಗೆ ಯಾರು ಬಿಡಿಸಿ ಹೇಳುತ್ತಾರೆ? ಹಿರಿಯರು ಬೇಡ ಎಂದರು. ಆ ರಾತ್ರಿ ಸ್ನಾನವಿಲ್ಲ. ಮೂತ್ರಕ್ಕೆ ಹೋಗಬೇಕಾದೀತೆಂದು ನೀರೂ ಕುಡಿಯಲಿಲ್ಲ. ಬೆಳಿಗ್ಗೆ ಬಿಲ್ಲಿನಲ್ಲಿ ಮಗಳ ಲೆಕ್ಕಕ್ಕೆ ‘ಎಕ್ಸ್‌ಟ್ರಾ ಪರ್ಸನ್’ ಎಂದು ಬೇರೆ ಹಣ! ಅಪ್ಪನನ್ನು ಕುರ್ಚಿಯಿಂದ ಮಂಚಕ್ಕೆ ಎತ್ತಿ ಕೂರಿಸಿದ್ದಕ್ಕೆ ಹೊಟೇಲಿನವರೇ ಆಕೆಗೆ ಕೂಲಿ ಕೊಡಬೇಕಿತ್ತು. ಉಳಿದ ದಿನಗಳ ಹಣ ಹಿಂದಿರುಗಿಸಿ ಎಂದರೆ, ‘ನೀವಾಗಿ ಬಿಟ್ಟು ಹೋಗುತ್ತಿದ್ದೀರಿ, ಪಾಲಿಸಿ ಇಲ್ಲ.’ ಕೊನೆಗೆ ಒಂದು ಮಾತು: ‘ನಮ್ಮಲ್ಲಿಗೆ ಇಂಥ ಗೆಸ್ಟ್‌ಗಳು ಬರುವುದೇ ಇಲ್ಲ.’

ಹೇಗೆ ಬಂದಾರು ಸ್ವಾಮಿ?

ಆ ಹೊಟೇಲಿನ ಬಾಗಿಲನ್ನು ಯಾರಾದರೂ ಅಳೆದಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ. ಅದಕ್ಕೇ ಟೇಪು ಎನ್ನುತ್ತಿದ್ದೇವೆ. ಅಳೆಯುವುದರಲ್ಲೂ ಸುಳ್ಳು ನುಸುಳುತ್ತದೆ, ಆದ್ದರಿಂದ ಎಲ್ಲಿ ಹಿಡಿಯಬೇಕೆಂದೂ ಹೇಳುತ್ತೇವೆ. ಬಾತ್‌ರೂಮಿಗೆ ಎರಡೂವರೆ ಅಡಿಯ ಬಾಗಿಲಿಡುವುದು ಕಟ್ಟುವವರ ರೂಢಿ. ನಕ್ಷೆಯಲ್ಲಿ 75 ಸೆಂಟಿಮೀಟರ್ ಎಂದಿರುತ್ತದೆ. ಎರಡೂ ಬದಿಯ ಚೌಕಟ್ಟು ಅದರಲ್ಲಿ ಸ್ವಲ್ಪ ತಿನ್ನುತ್ತದೆ, ತೆರೆದು ನಿಂತ ಬಾಗಿಲಿನ ದಪ್ಪ ಇನ್ನೊಂದು ಮೂರು ಸೆಂಟಿಮೀಟರ್ ತಿನ್ನುತ್ತದೆ, ಕೊನೆಗೆ ಉಳಿಯುವ ಸಂದು 60ರಿಂದ 65. ಆದ್ದರಿಂದ ಗೋಡೆಯ ತೆರವನ್ನು ಅಳೆದರೆ ಪ್ರಯೋಜನವಿಲ್ಲ; ಬಾಗಿಲನ್ನು ಪೂರ್ತಿ ತೆರೆದು, ಅದರ ಮೈಯಿಂದ ಎದುರು ಚೌಕಟ್ಟಿನವರೆಗೆ ಟೇಪು ಹಿಡಿಯಬೇಕು. 18 ಇಂಚು ಸೀಟಿನ ಸಾಮಾನ್ಯ ವೀಲ್‌ಚೇರು ಹೊರ ಅಂಚಿಂದ ಹೊರ ಅಂಚಿಗೆ 63ರಿಂದ 66 ಇರುತ್ತದೆ. ಗಾಲಿ ತಳ್ಳುವ ಕೈಯ ಗೆಣ್ಣುಗಳಿಗೂ ಜಾಗ ಬೇಕಲ್ಲ. ನೇರವಾಗಿ ನುಗ್ಗುವುದಾದರೆ 75ರಲ್ಲಿ ಹೇಗೋ ಸಾಗೀತು. ಮಂಚದ ಪಕ್ಕದ ಇಕ್ಕಟ್ಟಿನಿಂದ ತಿರುಗಿಕೊಂಡು ಹೋಗಬೇಕಾದರೆ 90 ಇಲ್ಲದೆ ಆಗದು. ಸರ್ಕಾರದ ಮಾನದಂಡ ಹೇಳುವುದೂ 90. ಇನ್ನು ಬಾಗಿಲು ಒಳಕ್ಕೆ ತೆರೆಯಬಾರದು. ಒಳಗೆ ಯಾರಾದರೂ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡವಾಗಿ ಹೊರಗಿನವರು ತೆರೆಯಲಾರರು. ಗೋಡೆಯ ಹೊರಮೈಗೆ ಹಳಿ ಕೂರಿಸಿ ಜಾರುವ ಬಾಗಿಲು ತೂಗುಹಾಕಿದರೆ ಈ ತೊಂದರೆಯೂ ಇಲ್ಲ, ತಿಂದುಹೋದ ಮೂರು ಸೆಂಟಿಮೀಟರೂ ಮರಳಿ ಸಿಗುತ್ತದೆ.

ಬಾಗಿಲು ದಾಟಿದರೆ ಪಟ್ಟಿ. ನೀರು ರೂಮಿಗೆ ಬಾರದಿರಲೆಂದು ಗ್ರಾನೈಟಿನ ಹೊಸ್ತಿಲು ಕೂರಿಸಿ ಬಾತ್‌ರೂಮಿನ ನೆಲವನ್ನು ಒಂದೆರಡು ಇಂಚು ಕೆಳಗಿಟ್ಟಿರುತ್ತಾರೆ. ಕುರ್ಚಿಯ ಮುಂದಿನ ಪುಟ್ಟ ಗಾಲಿ ಅದಕ್ಕೆ ಬಡಿದು ಗಕ್ಕನೆ ನಿಂತರೆ ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ. 12 ಮಿಲಿಮೀಟರಿಗಿಂತ ಎತ್ತರದ ಪಟ್ಟಿ ಇರಬಾರದು, ಇದ್ದರೂ ಅಂಚು ಇಳಿಜಾರಾಗಿರಬೇಕು. ಪಟ್ಟಿಯಿಲ್ಲದೆ ನೀರು ತಡೆಯುವುದು ಹೇಗೆ ಎಂದು ಹೊಟೇಲಿನವರು ಕೇಳುತ್ತಾರೆ. ಶವರಿನ ಕಡೆಗೆ ಮೀಟರಿಗೆ ಒಂದೂವರೆ ಸೆಂಟಿಮೀಟರ್ ಇಳಿಜಾರು ಕೊಟ್ಟು, ಗೋಡೆಯ ಬುಡದುದ್ದಕ್ಕೂ ಚಾನೆಲ್ ಡ್ರೈನ್, ಅಂದರೆ ಜಾಲರಿ ಮುಚ್ಚಿದ ಉದ್ದನೆಯ ಕಾಲುವೆ, ಹಾಕಿದರೆ ಹನಿ ನೀರೂ ರೂಮಿಗೆ ಬಾರದು. ಇದು ಇಲ್ಲಿನ ಟೈಲ್ಸ್ ಕೆಲಸದವರಿಗೆ ಗೊತ್ತಿಲ್ಲದ್ದೇನಲ್ಲ. ಅವರಲ್ಲಿ ನಮ್ಮ ಕಡೆಯವರೇ ಬಹಳ ಮಂದಿ ಇದ್ದಾರೆ, ಹೇಳಿದರೆ ಮಾಡುತ್ತಾರೆ. ಹೇಳುವವರಿಲ್ಲ.

ಕಮೋಡಿನ ಸೀಟು ನೆಲದಿಂದ 45ರಿಂದ 48 ಸೆಂಟಿಮೀಟರ್ ಎತ್ತರವಿರಬೇಕು, ಕುರ್ಚಿಯ ಸೀಟಿಗೆ ಸರಿಸಮ. ಬಜಾರಿನ ಮಾಮೂಲಿ ಕಮೋಡು 40ರ ಆಸುಪಾಸಿನದು. ಇಳಿಯುವುದು ಸುಲಭ, ಹತ್ತುವುದು ಆಗದು. ಗೋಡೆಗೆ ತೂಗುವ ಕಮೋಡಾದರೆ ಕೂರಿಸುವಾಗಲೇ ಬೇಕಾದ ಎತ್ತರಕ್ಕೆ ಏರಿಸಬಹುದು. ಎತ್ತರದಷ್ಟೇ ಮುಖ್ಯ ಪಕ್ಕದ ಜಾಗ: ಕಡೇಪಕ್ಷ ಒಂದು ಬದಿಗೆ ಕುರ್ಚಿ ಸರಿಯಾಗಿ ಬಂದು ನಿಲ್ಲಬೇಕು, 90 ಸೆಂಟಿಮೀಟರ್ ತೆರವು ಬೇಕು. ನಮ್ಮ ಹೊಟೇಲುಗಳಲ್ಲಿ ಒಂದು ಬದಿಗೆ ಬೇಸಿನ್ನಿನ ಕಟ್ಟೆ, ಇನ್ನೊಂದು ಬದಿಗೆ ಗಾಜಿನ ಅಡ್ಡಗೋಡೆ, ನಡುವೆ ಕಮೋಡು. ಅಲ್ಲಿಗೆ ಎದುರಿನಿಂದ ಮಾತ್ರ ಹೋಗಬಹುದು, ಅದೂ ನಿಂತು ತಿರುಗಬಲ್ಲವರು.

ಹಿಡಿಕೆಯ ವಿಷಯಕ್ಕೆ ಬಂದರೆ ಸಿಟ್ಟು ತಡೆಯಲಾಗುವುದಿಲ್ಲ. ಕಮೋಡಿನ ಪಕ್ಕ ಟವೆಲ್ ರಾಡು ಕೂರಿಸಿ ‘ಗ್ರ್ಯಾಬ್ ಬಾರ್’ ಎಂದು ತೋರಿಸುತ್ತಾರೆ. ಟವೆಲು ಹೊರುವ ರಾಡು 70 ಕಿಲೋದ ಮನುಷ್ಯನನ್ನು ಹೊರುತ್ತದೆಯೇ? ನಿಜವಾದ ಹಿಡಿಕೆಯೇ ತಂದರೂ ಕೂರಿಸುವುದರಲ್ಲಿ ಕೆಡಿಸುತ್ತಾರೆ. ಇಲ್ಲಿನ ಹಳೆಯ ಗೋಡೆಗಳು ಜಂಬಿಟ್ಟಿಗೆಯವು, ತೂತು ತೂತಾದ ಮೆದು ಕಲ್ಲು. ಹೊಸವು ಹಗುರ ಬ್ಲಾಕಿನವು. ಎರಡರಲ್ಲೂ ಪ್ಲಾಸ್ಟಿಕ್ ಪ್ಲಗ್ಗು ಹೊಡೆದು ಸ್ಕ್ರೂ ಬಿಗಿದರೆ ಮೊದಲ ಜಗ್ಗಿಗೇ ಟೈಲ್ಸ್ ಸಮೇತ ಕಿತ್ತು ಬರುತ್ತದೆ. ತೂತಿಗೆ ಜಾಲರಿಯ ಕೊಳವೆ ಹಾಕಿ ಕೆಮಿಕಲ್ ಆಂಕರ್ ಎಂಬ ಗಟ್ಟಿಯಾಗುವ ಅಂಟು ತುಂಬಬೇಕು, ಇಲ್ಲವೇ ಗೋಡೆಯ ಆಚೆ ಬದಿಗೆ ಉಕ್ಕಿನ ಪ್ಲೇಟು ಕೊಟ್ಟು ಬೋಲ್ಟು ಬಿಗಿಯಬೇಕು. ಹಿಡಿಕೆಯ ಕೊಳವೆ 32ರಿಂದ 40 ಮಿಲಿಮೀಟರ್ ದಪ್ಪ, ಗೋಡೆಯಿಂದ ಸುಮಾರು 5 ಸೆಂಟಿಮೀಟರ್ ದೂರ. ಇನ್ನೂ ದೂರವಾದರೆ ಒದ್ದೆ ಕೈ ಜಾರಿ ಮೊಣಕೈ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಕಡಲ ಗಾಳಿಗೆ ಅಗ್ಗದ 202 ದರ್ಜೆಯ ಸ್ಟೀಲು ಬೇಗ ತುಕ್ಕು ಹಿಡಿಯುತ್ತದೆ, 304 ಬೇಕು, ಬೀಚಿಗೆ ತಾಗಿದಂತಿದ್ದರೆ 316. ಟೇಪಿನ ಜೊತೆಗೆ ತಪಾಸಣೆಯವರು ಹಿಡಿಕೆಗೆ ಮೈಭಾರ ಹಾಕಿ ಒಮ್ಮೆ ಜಗ್ಗಿಯೂ ನೋಡಲಿ. ಕಿತ್ತು ಬಂದರೆ ಆಗಲೇ ಬರಲಿ.

ಮಂಚವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದಪ್ಪ ಹಾಸಿಗೆ ಹಾಕಿ 65–70 ಸೆಂಟಿಮೀಟರಿಗೆ ಏರಿಸಿಟ್ಟರೆ ಕುರ್ಚಿಯಿಂದ ಅಲ್ಲಿಗೆ ಸರಿಯುವುದು ಬೆಟ್ಟ ಹತ್ತಿದಂತೆ. 45ರಿಂದ 50 ಸಾಕು. ನೆಲಕ್ಕೆ ಮುಚ್ಚಿದ ಪೆಟ್ಟಿಗೆ ಮಂಚವಾದರೆ ರೋಗಿಯನ್ನೆತ್ತುವ ಲಿಫ್ಟಿನ ಕಾಲು ಅಡಿಗೆ ಹೋಗುವುದಿಲ್ಲ. ಕೆಳಗೆ ಸುಮಾರು 15 ಸೆಂಟಿಮೀಟರ್ ಖಾಲಿ ಬಿಡಬೇಕು.

ತಲೆಬಾಗಿಲಿನ ರ‍್ಯಾಂಪಿಗೆ ಸರಳ ಲೆಕ್ಕ. 15 ಸೆಂಟಿಮೀಟರಿನ ಮೂರು ಮೆಟ್ಟಿಲೆಂದರೆ 45. ಒಂದಕ್ಕೆ ಹನ್ನೆರಡರಂತೆ ರ‍್ಯಾಂಪು 5.4 ಮೀಟರ್ ಉದ್ದವಾಗಬೇಕು, ಮೇಲೆ ಕುರ್ಚಿ ನಿಲ್ಲಲು ಒಂದೂವರೆ ಮೀಟರ್ ಸಮತಟ್ಟು ಜಾಗ ಬೇಕು. ಸೂಟ್‌ಕೇಸಿನ ಟ್ರಾಲಿಗೆಂದು ಮಾಡಿಟ್ಟ ನಾಲ್ಕಡಿ ಹಲಗೆಯನ್ನೇ ರ‍್ಯಾಂಪು ಎಂದು ಫೋಟೋ ಹಾಕುತ್ತಾರೆ. ಪಾಲಿಶ್ ಗ್ರಾನೈಟಾದರೆ ಮಳೆಗಾಲದಲ್ಲಿ ತಳ್ಳುವವರೂ ಜಾರುತ್ತಾರೆ. ಸಣ್ಣ ಹೊಟೇಲುಗಳ ಲಿಫ್ಟಿನ ಒಳ ಆಳ ಒಂದು ಮೀಟರ್, ಪಾದದಾಸರೆ ಸೇರಿ ಕುರ್ಚಿಯ ಉದ್ದ 105ಕ್ಕೂ ಮೇಲೆ, ಬಾಗಿಲು ಮುಚ್ಚುವುದಿಲ್ಲ. ಇದನ್ನೂ ಅಳೆಯಿಸಿ.

ಸ್ಟಾರ್ ಹೊಟೇಲುಗಳಲ್ಲಿ ಇವೆಲ್ಲ ಇವೆ ಎನ್ನಬಹುದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಸ್ಟಾರ್ ಕೊಡುವಾಗ ಇಂಥದೊಂದು ರೂಮು ಕೇಳುತ್ತದೆ, ನಿಜ. ಆ ರೂಮು ಆಮೇಲೆ ಏನಾಗುತ್ತದೆ? ಬೇರೆಯವರಿಗೆ ಕೊಟ್ಟುಬಿಡುತ್ತಾರೆ, ಇಲ್ಲವೇ ಇಸ್ತ್ರಿ ಹಲಗೆ, ಹೆಚ್ಚುವರಿ ಹಾಸಿಗೆ ಪೇರಿಸಿಡುತ್ತಾರೆ. ತುರ್ತು ಕರೆಯ ದಾರ ನೆಲದವರೆಗೆ ಇಳಿಬಿದ್ದಿರಬೇಕು, ಗುಡಿಸುವಾಗ ಅಡ್ಡ ಬರುತ್ತದೆಂದು ಗಂಟುಕಟ್ಟಿ ಮೇಲೆ ಸಿಕ್ಕಿಸಿರುತ್ತಾರೆ. ಬಿದ್ದವರು ಎಟುಕಿಸಿಕೊಳ್ಳಬೇಕಾದರೆ ಮೊದಲು ಎದ್ದು ನಿಲ್ಲಬೇಕು!

ಹಳೆಯ ಪೋರ್ಚುಗೀಸ್ ಮನೆಗಳ ಮಾತು ಬೇರೆ, ಒಪ್ಪಿದೆವು. ಪಣಜಿಯ ಹಳೆಯ ಬಡಾವಣೆ ಫೊಂಟೆನ್ಯಾಸಿನ ಬಲ್ಕಾಂವ್ (ಮನೆಮುಂದಿನ ಜಗಲಿ) ಮೆಟ್ಟಿಲನ್ನು ಒಡೆಯಿರಿ ಎಂದು ನಾವೂ ಹೇಳುವುದಿಲ್ಲ. ಮೂರು ಮೆಟ್ಟಿಲಿದೆ, ಬಾಗಿಲು 60 ಎಂದು ಬರೆದು ಹಾಕಲಿ ಸಾಕು. ‘ನಮ್ಮಲ್ಲಿ ಆಗುವುದಿಲ್ಲ’ ಎಂದು ಮೊದಲೇ ಹೇಳುವ ಹೊಟೇಲಿನ ಮೇಲೆ ನಮಗೆ ಸಿಟ್ಟಿಲ್ಲ. ಸಿಟ್ಟು ಸುಳ್ಳು ಗುರುತು ಹಾಕುವವರ ಮೇಲೆ, ಹಾಕಲು ಬಿಟ್ಟು ಸುಮ್ಮನಿರುವವರ ಮೇಲೆ.

2023ರ ಜನವರಿಯಲ್ಲಿ ಪಣಜಿಯಲ್ಲಿ ಮೊದಲ ಪರ್ಪಲ್ ಫೆಸ್ಟ್ ನಡೆಯಿತು. 2024ರ ಜನವರಿಯಲ್ಲಿ ಅದು ಅಂತರರಾಷ್ಟ್ರೀಯ ಉತ್ಸವವೂ ಆಯಿತು. ಒಳ್ಳೆಯದೇ, ವಿಕಲಚೇತನರಿಗೆಂದೇ ಇಷ್ಟು ದೊಡ್ಡ ಹಬ್ಬ ಮಾಡುವ ರಾಜ್ಯ ಬೇರೆ ಯಾವುದಿದೆ? ಆದರೆ ಹಬ್ಬಕ್ಕೆ ಕರೆದವರು, ರಾತ್ರಿ ಅತಿಥಿ ಎಲ್ಲಿ ಮಲಗುತ್ತಾನೆ, ಬೆಳಿಗ್ಗೆ ಎಲ್ಲಿ ಸ್ನಾನ ಮಾಡುತ್ತಾನೆ ಎಂದೂ ವಿಚಾರಿಸಬೇಕಲ್ಲವೇ?

ಹೊಸ ಕಾಯ್ದೆ ಬೇಡ, ಸಮಿತಿ ಬೇಡ, ಅನುದಾನವಂತೂ ಬೇಡವೇ ಬೇಡ. ನೋಂದಣಿ ಮತ್ತು ನವೀಕರಣದ ಫಾರಮಿಗೆ ಏಳು ಕಾಲಂ ಸೇರಿಸಿ: ತಲೆಬಾಗಿಲಿನ ಮೆಟ್ಟಿಲೆಷ್ಟು, ರ‍್ಯಾಂಪಿನ ಉದ್ದ ಮತ್ತು ಏರು, ಲಿಫ್ಟಿನ ಬಾಗಿಲು ಮತ್ತು ಒಳ ಆಳ, ಬಾತ್‌ರೂಮ್ ಬಾಗಿಲಿನ ತೆರವು, ಹೊಸ್ತಿಲ ಪಟ್ಟಿಯ ಎತ್ತರ, ಕಮೋಡಿನ ಎತ್ತರ ಮತ್ತು ಪಕ್ಕದ ಜಾಗ, ಮಂಚದ ಎತ್ತರ. ಟೇಪು ಬಾಗಿಲಿಗೆ ಹಿಡಿದಿರುವಂತೆಯೇ ತೆಗೆದ ಫೋಟೋ ಜೊತೆಗಿರಲಿ. ಸುಳ್ಳು ಅಳತೆ ಕೊಟ್ಟವರ ನವೀಕರಣ ತಡೆಯಿರಿ. 2016ರ ಕಾಯ್ದೆಯ 89ನೇ ಕಲಮಿನ ದಂಡ ಮೊದಲ ತಪ್ಪಿಗೆ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ. ಅದೂ ತಮಗೆ ಗೊತ್ತಿರುವುದೇ.

ಅಕ್ಟೋಬರಿನ ಸೀಸನ್ನಿಗೆ ಮುಂಚೆ ಅಳೆಯಿಸಿ. ಎಲ್ಲ ಹೊಟೇಲು ಒಮ್ಮೆಗೇ ಆಗದಿದ್ದರೆ, ವೀಲ್‌ಚೇರಿನ ಗುರುತು ಹಾಕಿಕೊಂಡಿರುವವನ್ನಷ್ಟೇ ಮೊದಲು ಅಳೆಯಿಸಿ. ತಮ್ಮ ತಪಾಸಣೆಯವರಿಗೆ ಟೇಪು ಎಲ್ಲಿ ಹಿಡಿಯಬೇಕೆಂದು ತೋರಿಸಲು ನಾವು ಸಂಬಳ, ಭತ್ಯೆ ಕೇಳದೆ ಬರುತ್ತೇವೆ, ಯಾವ ತಾಲೂಕಿಗಾದರೂ. ಬಾರ್ದೇಸದಿಂದ ಶುರು ಮಾಡಬಹುದು.

ಇಂತಿ,
ಗೋವಾದ ಕೆಲವು ಕನ್ನಡಿಗರು