ಕೆಟ್ಟ ಸುದ್ದಿ ನಿನ್ನ ತನಕ ಬರಲಿ

ಲೋ ಗೆಳೆಯಾ,

ಹೊಸ ಹುದ್ದೆಗೆ ಶುಭಾಶಯ. ಇನ್ನು ಮೇಲೆ ಸೆಕ್ಯುರಿಟಿ ಟೀಮ್ ಪೂರ್ತಿ ನಿನ್ನ ಕೈಯಲ್ಲಿ. ಒಂದೆರಡು ಪಾಠ ಹೇಳು ಅಂದಿದ್ದೀಯ. ಎಲ್ಲರೂ ಓದುವ ಜಾಗದಲ್ಲೇ ಬರೆಯುತ್ತಿದ್ದೇನೆ. ತುಮಕೂರಿನ ಕಾಲೇಜುಗಳಿಂದ ಈ ಕೆಲಸಕ್ಕೆ ಬರುತ್ತಿರುವ ಹುಡುಗರಿಗೂ ಉಪಯೋಗವಾಗಲಿ.

ಫೈರ್‌ವಾಲ್ ಬಗ್ಗೆ ನಿನಗೆ ನಾನೇನು ಹೇಳಲಿ? ಒಂದನ್ನು ಮಾತ್ರ ನೋಡಿಕೋ. ಎಡವಟ್ಟಾದಾಗ ಅದು ನಿನ್ನ ಕಿವಿಗೆ ಎಷ್ಟು ಬೇಗ ಬೀಳುತ್ತೆ? ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರಿಂದ ನಿಯಮ ಇದೆ. ಮೋಸದ ಲಿಂಕ್ ಒತ್ತಿದವನು ಹೆದರಿ ಬಾಯಿ ಮುಚ್ಚಿಕೊಂಡರೆ, ನಿನ್ನ ಗಮನಕ್ಕೆ ಬರೋ ಹೊತ್ತಿಗೆ ಕಳ್ಳ ಒಳಗೆಲ್ಲ ಓಡಾಡಿರುತ್ತಾನೆ.

2017ರಲ್ಲಿ ಜನರ ಸಾಲದ ಲೆಕ್ಕ ಇಡೋ ಅಮೆರಿಕದ ಕಂಪನಿ ಈಕ್ವಿಫ್ಯಾಕ್ಸ್‌ನಿಂದ 14 ಕೋಟಿಗೂ ಜಾಸ್ತಿ ಜನರ ಮಾಹಿತಿ ಕಳುವಾಯಿತು. ಸಾಫ್ಟ್‌ವೇರ್‌ನ ತೂತು ಮುಚ್ಚೋ ಪ್ಯಾಚ್ ಮಾರ್ಚ್‌ನಲ್ಲೇ ಬಂದಿದ್ದರೂ ಹಾಕಿರಲಿಲ್ಲ. ಅಷ್ಟರಲ್ಲಿ ಹುದ್ದೆ ಬಿಟ್ಟಿದ್ದ ಸಿಇಒ ಅಲ್ಲಿನ ಸಂಸತ್ತಿನ ಮುಂದೆ, ಪ್ಯಾಚ್ ಹಾಕಿ ಅಂತ ಒಬ್ಬ ನೌಕರ ತಿಳಿಸಲಿಲ್ಲ, ಇಂಥ ತೂತು ಹುಡುಕೋ ಸ್ಕ್ಯಾನರ್ ಕೂಡ ಹಿಡಿಯಲಿಲ್ಲ ಅಂದರು. ಅಷ್ಟು ದೊಡ್ಡ ಕಂಪನಿಯಲ್ಲಿ ಒಬ್ಬನ ಕಡೆ ಬೆರಳು! ಅದನ್ನು ನೋಡಿದ ಇನ್ನೊಬ್ಬ ನೌಕರ ಮುಂದೆ ಬಾಯಿ ಬಿಡ್ತಾನಾ? ಊಬರ್‌ನ ಸೆಕ್ಯುರಿಟಿ ಮುಖ್ಯಸ್ಥನಾಗಿದ್ದ ಜೋ ಸಲಿವನ್‌ನದು ಇನ್ನೊಂದು ಕಥೆ. 2016ರ ಮಾಹಿತಿ ಕಳುವನ್ನು ಮುಚ್ಚಿಟ್ಟಿದ್ದಕ್ಕೆ 2022ರಲ್ಲಿ ಕೋರ್ಟ್ ಆತನನ್ನು ಅಪರಾಧಿ ಅಂದಿತು. ಮುಚ್ಚಿಡೋದು ಕೆಳಗಿನವರ ಚಾಳಿ ಮಾತ್ರ ಅಂದುಕೊಳ್ಳಬೇಡ.

ನಮ್ಮ ಟೀಮ್‌ನಲ್ಲಿ ಮಧುಗಿರಿ ಕಡೆಯ ಹುಡುಗಿ ಒಬ್ಬಳಿದ್ದಾಳೆ. ಸಂಬಳ ಪರಿಷ್ಕರಣೆ ಅಂತ ಬಂದ ಮೋಸದ ಮೇಲ್ ತೆರೆದು ಪಾಸ್‌ವರ್ಡ್ ಹಾಕಿಬಿಟ್ಟಳು. ತೆರೆದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಓಡಿ ಬಂದಳು. ಚಾರ್ಜರ್ ವೈರು ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು. ಕೂಡಲೇ ಅವಳ ಲಾಗಿನ್‌ಗಳನ್ನೆಲ್ಲ ಕಡಿದೆವು, ಏನೂ ಆಗಲಿಲ್ಲ. ಮೀಟಿಂಗ್‌ನಲ್ಲಿ ಎಲ್ಲರದೂ ಒಂದೇ ಪ್ರಶ್ನೆ, "ಯಾರು ಒತ್ತಿದ್ದು?" ನಾನು ಹೆಸರು ಹೇಳಲಿಲ್ಲ. ಯಾರು ಬೇಗ ಬಂದು ಹೇಳಿದರು ಅಂತ ಕೇಳಿ, ಚಪ್ಪಾಳೆ ಹೊಡೆಯೋಣ ಅಂದೆ.

ಇಲ್ಲಿಗೇ ಮುಗಿಸಬೇಕು ಅಂದುಕೊಂಡಿದ್ದೆ ಕಣೋ. ಆದರೆ ಅಪ್ಪನ ವಿಷಯ ಬಿಟ್ಟು ಮುಂದೆ ಹೋಗಕ್ಕಾಗ್ತಿಲ್ಲ.

ಅಪ್ಪನಿಗೆ ಯೂನಿಫಾರ್ಮ್ ಹಾಕಿದವನೊಬ್ಬ ವಿಡಿಯೋ ಕಾಲ್ ಮಾಡಿ, ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರ ಅಂದ. ನಮ್ಮ ಕಾನೂನಿನಲ್ಲಿ ಅಂಥದ್ದೇ ಇಲ್ಲ. ಅಪ್ಪ ಎಫ್‌ಡಿ ಮುರಿಸಿ ಹಣ ಕಳಿಸಿದರು. ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ಸ್ವಲ್ಪವಾದರೂ ತಡೆಯಬಹುದಿತ್ತು. ನನಗೆ ಹೇಳಿದ್ದು ವಾರ ಕಳೆದ ಮೇಲೆ. ಅಷ್ಟೊತ್ತಿಗೆ ಹಣ ಯಾವ್ಯಾವುದೋ ಖಾತೆ ದಾಟಿ ಹೋಗಿತ್ತು.

ಯಾಕಪ್ಪಾ ಹೇಳಲಿಲ್ಲ ಅಂದೆ. "ನೀನು ಅಷ್ಟು ದೊಡ್ಡ ಸೈಬರ್ ಆಫೀಸರು. ನಿಮ್ಮಪ್ಪನೇ ಹಿಂಗೆ ಮಾಡ್ಕೊಂಡ ಅಂದ್ರೆ ನಿನ್ನ ಮಾನ ಏನಾಗ್ಬೇಕು?" ಅಂದರು.

ನಾನು ಅವರನ್ನು ಯಾವತ್ತೂ ಗದರಿದವನಲ್ಲ, ನಿನಗೇ ಗೊತ್ತಲ್ಲ. ನನ್ನ ಹುದ್ದೆಯೇ ಅವರ ಬಾಯಿ ಕಟ್ಟಿತು. ಅವತ್ತಿಂದ ಆಫೀಸಿನಲ್ಲಿ "ಎಲ್ಲ ಸರಿ ಇದೆ ಸಾರ್" ಅಂತ ಕೇಳಿದರೆ ಎದೆ ಧಸಕ್ ಅನ್ನುತ್ತೆ. ನನಗೆ ಹೇಳದೆ ಇನ್ನೂ ಯಾರ್ಯಾರು ಏನೇನು ನುಂಗಿಕೊಂಡು ಕೂತಿದ್ದಾರೋ ಅಂತ ರಾತ್ರಿ ನಿದ್ದೆ ಬರಲ್ಲ. ಮನೆಯಲ್ಲೂ ಇಷ್ಟು ಬಿಡಿಸಿ ಹೇಳಿಲ್ಲ.

ಅಪ್ಪನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಇನ್ನೊಬ್ಬರಾದರೂ ಬಚಾವಾಗಲಿ" ಅಂದರು.

ಸರಿ, ಶುಭಾಶಯದ ಪತ್ರ ಎಲ್ಲಿಗೋ ಹೋಯಿತು. ಭಾನುವಾರ ಊರಿಗೆ ಬಾ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಣ. ಪ್ರಮೋಷನ್ ಆಗಿರೋದು ನಿನಗೆ, ಬಿಲ್ ನಿಂದೇ. ಅಪ್ಪನೂ ಬರ್ತಾರಂತೆ.

ನಿನ್ನ ಗೆಳೆಯ